ಒಂದು ಹೆಸರಿಗೆ ಎಷ್ಟು ರೂಪಾಯಿ?

ತುಂಬಾ ದಿನ ಆಗಿತ್ತು ಏನೂ ಬರೆಯದೆ. ಆಫೀಸಿನ ಕೆಲಸ ಅಂತ ಹೇಳಿಬಿಡಬಹುದು, ಆದ್ರೆ ನಿಜವಾದ ಕಾರಣ ಸೋಮಾರಿತನ :-) ಇವತ್ತು ಕೂತಿದ್ದಕ್ಕೆ ಕಾರಣ ಮುಂದಿನ ಭಾನುವಾರದ ಮೀಟಿಂಗು. ಅಜೆಂಡಾ ಒಂದೇ ಸಾಲು: 200 ರೂಪಾಯಿನ 250 ಮಾಡೋದಾ, ಬೇಡ್ವಾ?

"ಐವತ್ತು ರೂಪಾಯಿಗೆ ಮೀಟಿಂಗಾ? ಎರಡು ಕಾಫಿ ದುಡ್ಡು ಕಣೋ ಅದು" ಅಂತ ನನ್ನ ರೂಮ್‌ಮೇಟ್ ನಕ್ಕ. ಅವನಿಗೆ ಹೇಳಕ್ಕೆ ಹೋದ್ರೆ ಅರ್ಧಕ್ಕೇ ಎದ್ದು ಹೋದ. ನೀವಾದ್ರೂ ಕೇಳಿ.

2019ರ ಆಗಸ್ಟ್‌ನಲ್ಲಿ, ಇಂಜಿನಿಯರಿಂಗ್ ಮುಗಿದು ಇನ್ನೂ ಕೆಲಸಕ್ಕೆ ಸೇರೋ ಮುಂಚೆ, ನಾವು ಐದು ಜನ ಗೆಳೆಯರು ಸೇರಿ ಒಂದು ಡಾಟ್ ಆರ್ಗ್ ಹೆಸರು ಕೊಂಡ್ವಿ. ಕನ್ನಡದಲ್ಲಿ ಏನಾದ್ರೂ ಬರೆಯೋರಿಗೆ ಅದರ ಅಡಿಯಲ್ಲಿ ಒಂದೊಂದು ಹೆಸರು ಬಿಟ್ಟಿ ಕೊಡೋಣ ಅನ್ನೋದು ಐಡಿಯಾ. ಟೆಕ್ನಿಕಲ್ ಆಗಿ ಇದಕ್ಕೆ ಸಬ್‌ಡೊಮೈನ್ ಅಂತಾರೆ. ನಾನು ಎಲ್ಲರಿಗೂ ವಠಾರದ ಲೆಕ್ಕದಲ್ಲಿ ಹೇಳ್ತೀನಿ. ಬೀದಿ ಕಡೆಯ ಗೇಟಿಗೆ ಒಂದೇ ನಂಬರು, ಅದು ನಾವು ಕೊಂಡ ಹೆಸರು. ಗೇಟಿನ ಒಳಗೆ ಎಷ್ಟು ಮನೆ ಬೇಕಾದ್ರೂ ಕಟ್ಟಬಹುದು. ಪ್ರತಿ ಮನೆಗೂ ಅವರವರ ಹೆಸರಿನ ಬೋರ್ಡು, ಅದರ ಮುಂದೆ ಒಂದು ಚುಕ್ಕಿ, ಆಮೇಲೆ ನಮ್ಮ ಹೆಸರು. ಒಳಗಿನವರು ಒಬ್ಬರಿಗೂ ಇಂಟರ್ನೆಟ್ಟಿನ ದೊಡ್ಡ ಕಚೇರಿಗಳ ಜೊತೆ ವ್ಯವಹಾರ ಇಲ್ಲ. ಗೇಟಿನ ಕಂದಾಯ ಕಟ್ಟೋದು ನಾವು. ಆದ್ರೆ ನಾವು ಕಟ್ಟೋದು ಮರೆತ್ರೆ ಬರೀ ಗೇಟಲ್ಲ, ಒಳಗಿನ ಅಷ್ಟೂ ಮನೆ ಒಟ್ಟಿಗೆ ಮಾಯ. ಆಗ ಇದು ನಮಗೆ ಅಷ್ಟು ಹೊಳೆದಿರಲಿಲ್ಲ ಬಿಡಿ.

ಮೊದಲ ಎರಡು ವರ್ಷ ಎಲ್ಲಾ ಬಿಟ್ಟಿ. ಖರ್ಚೆಲ್ಲಾ ನಮ್ಮಲ್ಲೊಬ್ಬನ ಕಾರ್ಡಿನಿಂದ ತಂತಾನೇ ಹೋಗ್ತಿತ್ತು. ಅವನು ಕೇಳ್ತಿರಲಿಲ್ಲ, ನಾವು ಕೊಡ್ತಿರಲಿಲ್ಲ. ಆಮೇಲೆ ಅವನು ಜರ್ಮನಿಗೆ ಹೋದ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂತು ನೋಡಿ, ಕಾರ್ಡಿನಿಂದ ತಂತಾನೇ ಹೋಗೋ ಪಾವತಿಗಳಿಗೆ ಮತ್ತೆ ಒಪ್ಪಿಗೆ ಕೊಡಬೇಕು ಅಂತ. ಅವನು ಕೊಟ್ಟಿರಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದ್ರೆ ಅಷ್ಟೂ ಜನರ ಪುಟ ಇಲ್ಲ!

ಡಾಟ್ ಆರ್ಗ್ ಥರದ ಹೆಸರುಗಳಲ್ಲಿ ಅವಧಿ ಮುಗಿದ ಕೂಡಲೇ ಹೆಸರು ಕೈ ತಪ್ಪಲ್ಲ. ಮೊದಲು 45 ದಿನದವರೆಗೆ ಒಂದು ರಿಯಾಯಿತಿ ಅವಧಿ ಇರುತ್ತೆ. ಆಮೇಲೆ 30 ದಿನ, ದಂಡ ಕಟ್ಟಿ ಬಿಡಿಸ್ಕೊಳ್ಳೋ ಕಾಲ. ಆಮೇಲೆ 5 ದಿನ. ಅಷ್ಟರ ಮೇಲೆ ಯಾರು ಬೇಕಾದ್ರೂ ಕೊಳ್ಳಬಹುದು. ನಾವು ಎರಡನೇ ದಿನವೇ ದುಡ್ಡು ಕಟ್ಟಿ ಬಚಾವಾದ್ವಿ. ಆದ್ರೆ ಆ ಎರಡು ದಿನ ಬಂದ ಫೋನುಗಳನ್ನ ನಾನು ಮರೆಯಲ್ಲ. ಸ್ವಲ್ಪ ಸಮಾಧಾನ ಆಗಿದ್ದು, 1999ರ ಕ್ರಿಸ್ಮಸ್ ಹೊತ್ತಿಗೆ ಮೈಕ್ರೋಸಾಫ್ಟಿನವರೇ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿಗೆ 35 ಡಾಲರ್ ಕಟ್ಟೋದು ಮರೆತಿದ್ರು ಅಂತ ಓದಿದಾಗ. ಹಾಟ್‌ಮೇಲ್‌ಗೆ ಲಾಗಿನ್ ಆಗದೆ ಜನ ಒದ್ದಾಡಿದ್ರು. ಕೊನೆಗೆ ಸಂಬಂಧವೇ ಇಲ್ಲದ ಒಬ್ಬ ಲಿನಕ್ಸ್ ಪ್ರೋಗ್ರಾಮರ್ ತನ್ನ ಕಾರ್ಡಿನಿಂದ ಆ ದುಡ್ಡು ಕಟ್ಟಿದ!

ಆ ನವೆಂಬರ್‌ನಲ್ಲಿ ಮೊದಲ ಸಲ ಸರಿಯಾಗಿ ಕೂತು ಮಾತಾಡಿದ್ವಿ. ವರ್ಷದ ಖರ್ಚು ಹೀಗಿತ್ತು: ಡೊಮೈನ್ 1,300, ಸರ್ವರ್ 6,200, ಬ್ಯಾಕಪ್‌ಗೆ 900. ಒಟ್ಟು 8,400 ರೂಪಾಯಿ. ಹೆಸರು ತಗೊಂಡಿದ್ದವರು 60 ಜನ. ಒಬ್ಬನ ಪ್ರಕಾರ ಇದು ಬಿಟ್ಟಿಯಾಗೇ ಇರಬೇಕು, ಕನ್ನಡದ ಕೆಲಸಕ್ಕೆ ದುಡ್ಡು ಕೇಳಬಾರದು. ಇನ್ನೊಬ್ಬಳ ಪ್ರಕಾರ ಮಾರ್ಕೆಟ್ಟಿನಲ್ಲಿ ಎಷ್ಟಿದೆಯೋ ಅಷ್ಟು ತಗೋಬೇಕು, ಉಳಿದಿದ್ದರಲ್ಲಿ ಒಳ್ಳೇ ಕೆಲಸ ಮಾಡಬಹುದು. ಬೇರೆಯವರು ಹೇಗೆ ಮಾಡ್ತಾರೆ ನೋಡ್ಕೊಂಡು ಬಾ ಅಂತ ನನಗೆ ಗಂಟು ಬಿತ್ತು, ಯಾಕಂದ್ರೆ ಲೆಕ್ಕ ನನ್ನ ಹತ್ರ ಇತ್ತು.

ಓದ್ತಾ ಹೋದ್ರೆ, ಈ ಜಗಳ ನಮ್ಮದೊಂದೇ ಅಲ್ಲ. 1995ರ ಸೆಪ್ಟೆಂಬರ್ 14ರವರೆಗೆ ಡಾಟ್ ಕಾಮ್, ಡಾಟ್ ಆರ್ಗ್ ಎಲ್ಲಾ ಬಿಟ್ಟಿಯೇ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಖರ್ಚು ಕೊಡ್ತಿತ್ತು, ನೆಟ್‌ವರ್ಕ್ ಸೊಲ್ಯೂಶನ್ಸ್ ಅನ್ನೋ ಕಂಪನಿ ನೋಂದಣಿ ಮಾಡ್ತಿತ್ತು. ಆ ದಿನದಿಂದ ಎರಡು ವರ್ಷಕ್ಕೆ 100 ಡಾಲರ್ ಅಂತ ಆಯ್ತು. ಅದರಲ್ಲಿ 30 ಡಾಲರ್ ಇಂಟರ್ನೆಟ್ಟಿನ ಅಭಿವೃದ್ಧಿಗೆ ಅಂತ ಒಂದು ನಿಧಿಗೆ. ಕೇಳಕ್ಕೆ ಚೆನ್ನಾಗಿದೆ ಅಲ್ವಾ? ಆದ್ರೆ ಜನ ಕೋರ್ಟಿಗೆ ಹೋದ್ರು, ಯಾರ ಒಪ್ಪಿಗೆ ಇಲ್ಲದೆ ಹಾಕಿದ ತೆರಿಗೆ ಇದು ಅಂತ. 1998ರಲ್ಲಿ ಆ ಭಾಗ ಕೈಬಿಟ್ಟು ವರ್ಷಕ್ಕೆ 35 ಡಾಲರ್ ಮಾಡಿದ್ರು. ಖರ್ಚಿಗಿಂತ ಜಾಸ್ತಿ ತಗೊಂಡು ಒಳ್ಳೇ ಕೆಲಸ ಮಾಡ್ತೀನಿ ಅನ್ನೋದು ಅಷ್ಟು ಸುಲಭ ಅಲ್ಲ ಅಂತ ನಮ್ಮ ಗೆಳತಿಗೆ ಇದನ್ನ ಹೇಳಿದೆ. ಅವಳು "ಹ್ಮ್" ಅಂದಳು.

ಹಾಗಾದ್ರೆ ಬಿಟ್ಟಿ ಕೊಡೋದು? ಇದರಲ್ಲಿ ನನಗೆ ಸ್ವಂತ ಅನುಭವ ಇತ್ತು. 2020ರಲ್ಲಿ ಯಾರೋ ಒಬ್ಬ ಒಂದೇ ರಾತ್ರಿ ಬೇರೆ ಬೇರೆ ಮೇಲ್ ವಿಳಾಸ ಕೊಟ್ಟು 18 ಹೆಸರು ತಗೊಂಡು ಅದರಲ್ಲಿ ಮೋಸದ ಲಾಟರಿ ಪುಟ ಹಾಕಿದ್ದ. ಇದೇ ಕಥೆ ದೊಡ್ಡ ಮಟ್ಟದಲ್ಲಿ ನಡೆದಿದೆ. ಟೊಕೆಲಾವ್ ಅಂತ ಪೆಸಿಫಿಕ್‌ನಲ್ಲಿ ಪುಟಾಣಿ ದ್ವೀಪಗಳಿವೆ, ಅಲ್ಲಿನ ಜನಸಂಖ್ಯೆ ನಮ್ಮ ಕಡೆಯ ಒಂದು ಹಳ್ಳಿಯಷ್ಟು. ಅದರ ಡಾಟ್ ಟಿಕೆ ಹೆಸರುಗಳನ್ನ ಫ್ರೀನಾಮ್ ಅನ್ನೋ ಕಂಪನಿ ಬಿಟ್ಟಿ ಹಂಚ್ತಿತ್ತು. ಒಂದು ಕಾಲಕ್ಕೆ ದೇಶಗಳ ಹೆಸರುಗಳಲ್ಲಿ ಅದೇ ಅತಿ ದೊಡ್ಡದು. ಮೋಸದ ಪುಟಗಳೂ ಅಷ್ಟೇ ಜಾಸ್ತಿ. 2023ರ ಮಾರ್ಚ್ ಹೊತ್ತಿಗೆ ಮೆಟಾ ಕಂಪನಿ ಹಾಕಿದ ಕೇಸು ಬಯಲಿಗೆ ಬಂತು, ಹೊಸ ನೋಂದಣಿ ನಿಂತಿತ್ತು. 2024ರಲ್ಲಿ ರಾಜಿ ಆಗಿ ಫ್ರೀನಾಮ್ ಈ ವ್ಯಾಪಾರದಿಂದಲೇ ಹೊರಗೆ ಹೋಗೋದಾಗಿ ಹೇಳಿತು.

ಬಿಟ್ಟಿ ಕೊಟ್ಟೂ ಮಾನವಾಗಿ ನಡೆಸೋರು ಇಲ್ಲ ಅಂತಲ್ಲ. 1996ರಲ್ಲಿ ಶುರುವಾದ ಇಯು ಡಾಟ್ ಆರ್ಗ್ ಅಂತ ಒಂದಿದೆ, ನಮ್ಮದೇ ಥರದ ವಠಾರ, ಬಹಳ ದೊಡ್ಡದು. ಅಲ್ಲಿ ಸ್ವಯಂಸೇವಕರು ಅರ್ಜಿಗಳನ್ನ ಕೂತು ನೋಡಿ ಒಪ್ಪಿಗೆ ಕೊಡ್ತಾರೆ. ಅಂದ್ರೆ ದುಡ್ಡು ಕೊಡೋದು ಬೇಡ, ಕಾಯಬೇಕು. ಬೆಲೆ ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ.

ನನಗೆ ತುಂಬಾ ಇಷ್ಟ ಆಗಿದ್ದು 5 ಸೆಂಟಿನ ಕಥೆ. ಹೆಸರು ಕೊಂಡು 5 ದಿನದ ಒಳಗೆ ವಾಪಸ್ ಕೊಟ್ರೆ ದುಡ್ಡು ವಾಪಸ್ ಅಂತ ಒಂದು ಸೌಲಭ್ಯ ಇತ್ತು, ಟೈಪ್ ಮಾಡೋವಾಗ ತಪ್ಪಾದವರಿಗೆ ಅನುಕೂಲ ಆಗಲಿ ಅಂತ. ಕೆಲವರು ಅದನ್ನೇ ಬಂಡವಾಳ ಮಾಡ್ಕೊಂಡು ಲಕ್ಷಗಟ್ಟಲೆ ಹೆಸರು ತಗೊಳ್ಳೋದು, ಐದು ದಿನ ಜಾಹೀರಾತು ಹಾಕೋದು, ದುಡ್ಡು ಹುಟ್ಟದೇ ಇದ್ದಿದ್ದನ್ನ ವಾಪಸ್ ಕೊಡೋದು ಶುರು ಮಾಡಿದ್ರು. 2007ರಲ್ಲಿ ಡಾಟ್ ಆರ್ಗ್ ನಡೆಸೋ ಪಬ್ಲಿಕ್ ಇಂಟರೆಸ್ಟ್ ರಿಜಿಸ್ಟ್ರಿ, ಅತಿಯಾಗಿ ವಾಪಸ್ ಕೊಡೋರಿಗೆ ಹೆಸರಿಗೆ ಬರೀ 5 ಸೆಂಟ್ ಶುಲ್ಕ ಹಾಕಿತು. ಅವರ ಆಟ ಬಹುಪಾಲು ನಿಂತೇ ಹೋಯ್ತು. ಆಮೇಲೆ ಐಕ್ಯಾನ್ ಸಂಸ್ಥೆ ಇದೇ ಥರದ ಶುಲ್ಕವನ್ನ ಉಳಿದವರಿಗೂ ತಂದಾಗ, 2008ರ ಜೂನ್‌ನಿಂದ 2009ರ ಏಪ್ರಿಲ್ ಒಳಗೆ ಇಂಥ ವಾಪಸಾತಿ ಶೇ. 99.7ರಷ್ಟು ಇಳಿಯಿತು. ಸರಿಯಾದ ಜಾಗದಲ್ಲಿಟ್ಟ ಸಣ್ಣ ಶುಲ್ಕ ಒಂದು ಕಾವಲುಗಾರ ಇದ್ದ ಹಾಗೆ. ಬಿಟ್ಟಿ ಬೇಕು ಅಂತಿದ್ದ ಗೆಳೆಯನೂ ಇದಕ್ಕೆ ಒಪ್ಪಿದ.

60 ಜನರಲ್ಲಿ 42 ಜನ ಕೊಟ್ರೂ 8,400 ಹುಟ್ಟಬೇಕು ಅಂತ ಲೆಕ್ಕ ಹಾಕಿ 200 ರೂಪಾಯಿ ಅಂತ ನಿಗದಿ ಮಾಡಿದ್ವಿ. 2022ರ ಜನವರಿಯಿಂದ ಜಾರಿ. ಕೊಡದೇ ಇದ್ರೆ ಏನು ಮಾಡೋದು? ಅದಕ್ಕೆ ನಾನೇ ಒಂದು ಸ್ಕ್ರಿಪ್ಟ್ ಬರೆದೆ. ಮೂರು ಮೇಲ್ ಹೋಗುತ್ತೆ, 30 ದಿನ ಕಾಯುತ್ತೆ, ಆಮೇಲೆ ಹೆಸರು ತೆಗೆದು ಹಾಕುತ್ತೆ, ಖಾಲಿ ಅಂತ ಪಟ್ಟಿಗೆ ಸೇರಿಸುತ್ತೆ. ಅಚ್ಚುಕಟ್ಟಾಗಿ ಕೆಲಸ ಮಾಡ್ತಿತ್ತು. ಮೊದಲ ವರ್ಷ 43 ಜನ ಕೊಟ್ರು. ಉಳಿದವರ ಹೆಸರು ಹೋಯ್ತು, ಯಾರೂ ಕೇಳಲೂ ಇಲ್ಲ. ಸ್ಕ್ರಿಪ್ಟ್ ಬಗ್ಗೆ ನನಗೆ ಹೆಮ್ಮೆ ಇತ್ತು.

2023ರ ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ಕಡೆಯಿಂದ ಒಂದು ಫೋನು. ರಿಟೈರ್ ಆದ ಮೇಷ್ಟ್ರು, ಎಪ್ಪತ್ತು ದಾಟಿದೆ. ತಮ್ಮ ಹೋಬಳಿಯ ಗದ್ದೆ, ಹಳ್ಳ, ಗುಡ್ಡ, ಕಾನುಗಳ ಹಳೇ ಹೆಸರುಗಳನ್ನೆಲ್ಲಾ ಮುದುಕರ ಹತ್ರ ಕೇಳಿ ಬರೆದಿಟ್ಟಿದ್ರು. ಯಾವ ಗದ್ದೆಗೆ ಯಾಕೆ ಆ ಹೆಸರು ಅಂತ ನಾಲ್ಕು ನಾಲ್ಕು ಸಾಲು. ಅವರ ಪುಟಕ್ಕೆ ಅವರದೇ ಹೆಸರು.

"ಮಾರಾಯ, ನನ್ನ ಹೆಸರಿನ ಮನೇಲಿ ಯಾರೋ ಕೂತು ಇಸ್ಪೀಟ್ ಆಡ್ತಾ ಇದಾರಲ್ಲ?"

ನನಗೆ ಮೊದಲು ಅರ್ಥ ಆಗ್ಲಿಲ್ಲ. ತೆರೆದು ನೋಡಿದೆ. ಅವರ ಹೆಸರಿನ ಪುಟದಲ್ಲಿ ಆನ್‌ಲೈನ್ ರಮ್ಮಿ ಜಾಹೀರಾತು. ಸ್ಕ್ರಿಪ್ಟ್ ಹೆಸರು ಖಾಲಿ ಅಂತ ಪಟ್ಟಿಗೆ ಹಾಕಿದೆ, ಯಾರೋ ಗೊತ್ತಿಲ್ಲದವನು 200 ರೂಪಾಯಿ ಕಟ್ಟಿ ತಗೊಂಡಿದಾನೆ. ಕಾವಲುಗಾರ ಅಂದ್ನಲ್ಲ, ಆ ಶುಲ್ಕವನ್ನೇ ಕೊಟ್ಟು ಒಳಗೆ ಬಂದಿದಾನೆ. ಮೇಷ್ಟ್ರ ಹಳೇ ವಿದ್ಯಾರ್ಥಿ ಒಬ್ಬ ಯಾರಿಗೋ ತೋರಿಸಕ್ಕೆ ಅಂತ ತೆರೆದಾಗ ಇದನ್ನ ನೋಡಿ ಅವರಿಗೆ ಹೇಳಿದ್ದ.

"ಸರ್, ಮೂರು ಮೇಲ್ ಕಳಿಸಿದ್ವಲ್ಲ?" ಅಂದೆ. ಬಾಯಿಗೆ ಬಂದಿದ್ದು ಅದೇ. ಈಗ ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ.

"ಮೇಲ್ ನೋಡೋದು ಮೊಮ್ಮಗ, ಅವನು ಪರೀಕ್ಷೆ ಅಂತ ಹಾಸ್ಟೆಲ್ಲಿನಲ್ಲೇ ಇದ್ದ. ದುಡ್ಡು ನಾನು ಅಳಿಯನ ಕೈಲಿ ಕೊಟ್ಟಿದ್ದೆ, ಬೆಂಗ್ಳೂರಿಗೆ ಹೋಗೋನು, ಕಟ್ಟು ಅಂತ. ಅವನು ಮರ್ತ. ತಪ್ಪು ನಮ್ದೇ ಬಿಡು. ಆದ್ರೆ ಒಂದು ಫೋನು ಮಾಡಬಾರದಿತ್ತಾ? ನನ್ನ ನಂಬರು ನಿನ್ನ ಹತ್ರ ಇತ್ತಲ್ಲ?"

ಇತ್ತು. ಅರ್ಜಿಯಲ್ಲಿ ನಾವೇ ಕೇಳಿ ತಗೊಂಡಿದ್ವಿ. ಸ್ಕ್ರಿಪ್ಟಿಗೆ ಅದನ್ನ ಕೊಟ್ಟಿರಲಿಲ್ಲ ಅಷ್ಟೇ.

ರಮ್ಮಿ ಪುಟ ಹತ್ತು ನಿಮಿಷದಲ್ಲಿ ಕಿತ್ತು ಹಾಕಿದೆ. ಅವರ ಬರಹ ಬ್ಯಾಕಪ್‌ನಲ್ಲಿ ಇತ್ತು, ಪುಣ್ಯ. ರಾತ್ರಿ ಹನ್ನೊಂದಕ್ಕೆ ಎಲ್ಲಾ ವಾಪಸ್ ಬಂತು. ಆದ್ರೆ ನಿದ್ದೆ ಬರ್ಲಿಲ್ಲ. ನಿಯಮದ ಪ್ರಕಾರ ಎಲ್ಲಾ ಸರಿಯಾಗೇ ನಡೆದಿತ್ತು. ಶುಲ್ಕ ಎಷ್ಟು ಅಂತ ತಿಂಗಳುಗಟ್ಟಲೆ ಜಗಳ ಆಡಿದ ನಾವು, ಕೊಡದೇ ಇದ್ದವರಿಗೆ ಏನು ಮಾಡೋದು ಅಂತ ಐದು ನಿಮಿಷವೂ ಮಾತಾಡಿರಲಿಲ್ಲ. ಅದನ್ನ ನಾನು ಒಬ್ಬನೇ ಕೂತು ಒಂದು ಸಂಜೆ ಕೋಡ್‌ನಲ್ಲಿ ತೀರ್ಮಾನ ಮಾಡಿಬಿಟ್ಟಿದ್ದೆ.

ಇನ್ನೂ ಒಂದು ವಿಷಯ ಆ ರಾತ್ರಿ ಅರ್ಥ ಆಯ್ತು. ಕಾಫಿ ದುಬಾರಿ ಆದ್ರೆ ಪಕ್ಕದ ಹೋಟ್ಲಿಗೆ ಹೋಗಬಹುದು. ಹೆಸರು ಹಾಗಲ್ಲ. ಮೇಷ್ಟ್ರು ನಾಲ್ಕು ವರ್ಷದಿಂದ ಆ ಹೆಸರನ್ನ ನೂರಾರು ಜನಕ್ಕೆ ಹೇಳಿದಾರೆ, ಚೀಟಿಯಲ್ಲಿ ಬರೆದು ಕೊಟ್ಟಿದಾರೆ. ಅವರು ಬಿಟ್ಟು ಹೋಗೋ ಹಾಗಿಲ್ಲ. ನಾವು 200ನ್ನ 2,000 ಮಾಡಿದ್ರೂ ಗೊಣಗಿಕೊಂಡು ಕೊಡಬೇಕು, ಇಲ್ಲಾ ಎಲ್ಲಾ ಕಳ್ಕೋಬೇಕು. ಬಿಟ್ಟು ಹೋಗಲಾರದವರಿಗೆ ಬೆಲೆ ಹೇಳೋ ಜಾಗದಲ್ಲಿ ಕೂತಿದೀವಿ ಅಂತ ನಮಗೆ ಗೊತ್ತೇ ಇರಲಿಲ್ಲ.

ವಿಚಿತ್ರ ಅಂದ್ರೆ, ಇದೇ ಭಯವನ್ನ ನಾವು 2019ರಲ್ಲಿ ಬಾಡಿಗೆದಾರರಾಗಿ ಅನುಭವಿಸಿದ್ವಿ. ಡಾಟ್ ಆರ್ಗ್ ದರ ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬಾರದು ಅಂತ ಮಿತಿ ಇತ್ತು. 3,000ಕ್ಕೂ ಹೆಚ್ಚು ಅಭಿಪ್ರಾಯ ಬಂದು, ಬಹುಪಾಲು ಬೇಡ ಅಂದ್ರೂ 2019ರ ಜೂನ್ 30ಕ್ಕೆ ಐಕ್ಯಾನ್ ಆ ಮಿತಿ ತೆಗೀತು. ನಾವು ಹೆಸರು ಕೊಂಡು ಮೂರೇ ತಿಂಗಳಿಗೆ, ನವೆಂಬರ್ 13ಕ್ಕೆ, ಇಂಟರ್ನೆಟ್ ಸೊಸೈಟಿಯವರು ಲಾಭದ ಉದ್ದೇಶವಿಲ್ಲದ ಆ ರಿಜಿಸ್ಟ್ರಿಯನ್ನ ಎಥೋಸ್ ಕ್ಯಾಪಿಟಲ್ ಅನ್ನೋ ಹೂಡಿಕೆ ಕಂಪನಿಗೆ ಮಾರ್ತಾರೆ ಅಂತ ಸುದ್ದಿ. ಬೆಲೆ 113.5 ಕೋಟಿ ಡಾಲರ್. ಆಗ ಸುಮಾರು ಒಂದು ಕೋಟಿ ಆರ್ಗ್ ಹೆಸರು ಇದ್ವು. ಹೆಸರಿಗೆ ಒಂದೇ ಡಾಲರ್ ಏರಿಸಿದ್ರೆ ವರ್ಷಕ್ಕೆ ಒಂದು ಕೋಟಿ ಡಾಲರ್, ಬಿಟ್ಟು ಹೋಗೋರು ಯಾರೂ ಇಲ್ಲ. ಯಾಕೆ ಕೊಳ್ತಾರೆ ಅಂತ ಲೆಕ್ಕ ಬಿಡಿಸಿ ಹೇಳ್ಬೇಕಾ? ಸೇವಾಸಂಸ್ಥೆಗಳು ಗಲಾಟೆ ಮಾಡಿದ್ವು, ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಪತ್ರ ಬರೆದ್ರು, ಕೊನೆಗೆ 2020ರ ಏಪ್ರಿಲ್ 30ಕ್ಕೆ ಐಕ್ಯಾನ್ ಒಪ್ಪಿಗೆ ಕೊಡಲ್ಲ ಅಂತು. ಅವತ್ತು ನಾವು ಐದೂ ಜನ ವಿಡಿಯೋ ಕಾಲ್‌ನಲ್ಲಿ ಕೂಗಾಡಿದ್ವಿ, ಮ್ಯಾಚ್ ಗೆದ್ದ ಹಾಗೆ. ಮೂರು ವರ್ಷದ ಮೇಲೆ, ನಮ್ಮ ಅಳತೆಯಲ್ಲಿ ನಾವೇ ಅವರ ಜಾಗದಲ್ಲಿ ಕೂತಿದ್ವಿ.

ಮುಂದಿನ ಮೀಟಿಂಗಿನಲ್ಲಿ ಜರ್ಮನಿಯವನು ಒಂದು ಮಾತು ಹೇಳಿದ. ಅಲ್ಲಿ ಡಾಟ್ ಡಿಇ ನಡೆಸೋ ಡೆನಿಕ್ ಒಂದು ಸಹಕಾರಿ ಸಂಘ, 1996ರಿಂದ. ನಮ್ಮೂರ ಹಾಲಿನ ಸೊಸೈಟಿ ಥರಾನೇ ಅಂದೆ ನಾನು. "ಪೂರ್ತಿ ಹಾಗಲ್ಲ, ಅಲ್ಲಿ ಸದಸ್ಯರು ಅಂದ್ರೆ ಹೆಸರು ಮಾರೋ ಕಂಪನಿಗಳು, ಹೆಸರು ಇಟ್ಕೊಂಡ ಜನ ಅಲ್ಲ" ಅಂದ.

ಸದಸ್ಯರಿದ್ದ ಮಾತ್ರಕ್ಕೆ ಎಲ್ಲಾ ಸರಿ ಇರುತ್ತೆ ಅಂತೇನಿಲ್ಲ. ಬ್ರಿಟನ್ನಿನ ಡಾಟ್ ಯುಕೆ ನಡೆಸೋ ನಾಮಿನೆಟ್ ಕೂಡ 1996ರ ಸದಸ್ಯರ ಸಂಸ್ಥೆ, ಲಾಭ ಹಂಚೋ ಹಾಗಿಲ್ಲ. ಬಹಳ ಕಾಲ ಎರಡು ವರ್ಷಕ್ಕೆ 5 ಪೌಂಡ್ ಇದ್ದ ಸಗಟು ದರ, 2016ರಲ್ಲಿ ವರ್ಷಕ್ಕೆ 3.75 ಆಯ್ತು, 2020ರಲ್ಲಿ 3.90. ಹದಿನೈದು ಪೆನ್ಸ್ ಯಾರಿಗೂ ಭಾರ ಅಲ್ಲ. ಆದ್ರೆ ಸದಸ್ಯರ ಪ್ರಶ್ನೆ ಬೇರೆ ಇತ್ತು. ದರ ಏರ್ತಿದೆ, ಮೇಲಿನವರ ಸಂಬಳ ಏರ್ತಿದೆ, ದಾನಕ್ಕೆ ಹೋಗೋದು ಇಳೀತಿದೆ, ಯಾಕೆ? 2020ರ ವಾರ್ಷಿಕ ಸಭೆಯ ದಿನವೇ, ಸದಸ್ಯರು ಇದನ್ನೆಲ್ಲಾ ಚರ್ಚೆ ಮಾಡ್ತಿದ್ದ ಜಾಗವನ್ನ ಆಡಳಿತದವರು ಮುಚ್ಚಿಬಿಟ್ರು. ಅಲ್ಲಿಗೆ ತಾಳ್ಮೆ ಮುಗೀತು. 2021ರ ಮಾರ್ಚ್ 22ರ ವಿಶೇಷ ಸಭೆಯಲ್ಲಿ ಶೇ. 52.74 ಮತ ಬಿದ್ದು ಅಧ್ಯಕ್ಷರೂ ಸೇರಿ ಮಂಡಳಿಯ ಹಲವರು ಮನೆಗೆ ಹೋದ್ರು. ಮುಖ್ಯ ಕಾರ್ಯನಿರ್ವಾಹಕರು ಹಿಂದಿನ ದಿನವೇ ರಾಜೀನಾಮೆ ಕೊಟ್ಟಿದ್ರು.

ಇಷ್ಟೆಲ್ಲಾ ಆದ್ಮೇಲೆ ನಾವು ಮಾಡ್ಕೊಂಡ ನಿಯಮಗಳು ಹೆಚ್ಚೇನಿಲ್ಲ. ಹೆಸರು ಇಟ್ಕೊಂಡ ಅಷ್ಟೂ ಜನಕ್ಕೂ ಒಂದೊಂದು ಮತ. ಖರ್ಚಿನ ಲೆಕ್ಕ ಎಲ್ಲರೂ ತೆರೆದು ನೋಡೋ ಹಾಗಿರಬೇಕು. ದರ ಏರಿಸೋದಿದ್ರೆ 6 ತಿಂಗಳು ಮುಂಚೆ ಹೇಳಬೇಕು. ಇದು ದೊಡ್ಡ ರಿಜಿಸ್ಟ್ರಿಗಳ ಐಕ್ಯಾನ್ ಒಪ್ಪಂದದಲ್ಲೂ ಇದೆ, ನವೀಕರಣದ ದರ ಏರಿಸಕ್ಕೆ ಆರು ತಿಂಗಳ ಮುನ್ಸೂಚನೆ ಬೇಕು. ಗೇಟಿನ ಹೆಸರನ್ನ ಮೂರು ವರ್ಷ ಮುಂಗಡ ಕಟ್ಟಿಡಬೇಕು, ಪಾಸ್‌ವರ್ಡ್ ಇಬ್ಬರ ಹತ್ರ ಇರಬೇಕು. ದುಡ್ಡು ಕೊಡದವರಿಗೆ ಮೇಲ್ ಅಲ್ಲ, ಫೋನ್ ಮಾಡಬೇಕು. ಒಮ್ಮೆ ಒಬ್ಬರಿಗೆ ಕೊಟ್ಟ ಹೆಸರನ್ನ ಯಾವತ್ತೂ ಇನ್ನೊಬ್ಬರಿಗೆ ಕೊಡಬಾರದು. ಸ್ಕ್ರಿಪ್ಟಿನಲ್ಲಿ ತೆಗೆದು ಹಾಕೋ ಸಾಲುಗಳನ್ನ ನಾನೇ ಅಳಿಸಿದೆ.

ಕಿತ್ತು ಹಾಕಲ್ಲ ಅಂದ್ರೆ ಯಾರು ದುಡ್ಡು ಕೊಡ್ತಾರೆ ಅಂತ ಗೆಳತಿ ಕೇಳಿದ್ಲು. ನನಗೂ ಅನುಮಾನ ಇತ್ತು. ಹಳಬರು, ಹೊಸಬರು ಸೇರಿ ಈಗಲೂ 60 ಹೆಸರಿದೆ. ಕಿತ್ತು ಹಾಕ್ತೀವಿ ಅಂದ ವರ್ಷ ಕೊಟ್ಟವರು 43, ಕಳೆದ ವರ್ಷ 47. ಯಾಕೆ ಅಂತ ನಾನು ಹೇಳಲಾರೆ. ಫೋನಿನಲ್ಲಿ ಮಾತಾಡಿದ್ದೇ ಕಾರಣ ಇರಬಹುದು.

ಈಗ ಮತ್ತೆ ಗಂಟು. ಸರ್ವರ್‌ನವರು ದರ ಏರಿಸಿದಾರೆ. ಬರೋ ವರ್ಷಕ್ಕೆ ಸರ್ವರ್ 8,000, ಡೊಮೈನ್‌ನ ವರ್ಷದ ಪಾಲು 1,500, ಬ್ಯಾಕಪ್ 1,000, ಒಟ್ಟು 10,500. 47 ಜನ 200ರಂತೆ ಕೊಟ್ರೆ 9,400. 1,100 ಕಮ್ಮಿ. 250 ಮಾಡಿದ್ರೆ 11,750, ಒಂದಿಷ್ಟು ಕೈಯಲ್ಲಿ ಉಳಿಯುತ್ತೆ. 1,100 ರೂಪಾಯಿ ನಾವು ಐದು ಜನ ಹಾಕಿಬಿಡೋಣ ಅಂತ ಒಬ್ಬ. ಕಷ್ಟ ಏನಿಲ್ಲ, ತಲೆಗೆ 220. ಆದ್ರೆ ಅಲ್ಲಿಗೆ ಮತ್ತೆ ಯಾರದೋ ಕಾರ್ಡಿನ ಮೇಲೆ ಎಲ್ಲರ ಹೆಸರು ನಿಂತ ಹಾಗೆ ಆಗುತ್ತೆ. ನಾನು 250ರ ಪರ. ಹಾಗಂತ ಏರಿಸೋರು ನಾವಾದ್ದರಿಂದ ನನಗೇ ನನ್ನ ಮೇಲೆ ಸ್ವಲ್ಪ ಅನುಮಾನ.

ಮೊನ್ನೆ ಮೇಷ್ಟ್ರಿಗೆ ಫೋನ್ ಮಾಡಿದ್ದೆ. ಭಾನುವಾರದ ವಿಷಯ ಹೇಳಿ, "ಸರ್, 250 ಮಾಡಿದ್ರೆ ನಿಮಗೆ ಕಷ್ಟ ಆಗುತ್ತಾ?" ಅಂತ ಕೇಳಿದೆ.

"ಕಷ್ಟದ ಮಾತು ಆಮೇಲೆ ಮಾರಾಯ. ಹೋದ ವರ್ಷ ಬ್ಯಾಕಪ್ಪು 900 ಇತ್ತು, ಈ ವರ್ಷ ಸಾವಿರ ಹೆಂಗಾಯ್ತು? ಮೊಮ್ಮಗ ತೆಗೆದು ತೋರಿಸಿದ. ಅದಕ್ಕೆ ರಸೀದಿ ಇಟ್ಟಿದೀಯಾ?"

ರಸೀದಿ ಹುಡುಕ್ತಾ ಇದೀನಿ. ಭಾನುವಾರದ ಒಳಗೆ ಸಿಗಬೇಕು. ನೀವು ಯಾರಾದ್ರೂ ಇಂಥ ಸಣ್ಣ ಲೆಕ್ಕ ಇಟ್ಟವರಿದ್ರೆ, ದರ ಏರಿಸೋವಾಗ ಏನು ಮಾಡಿದ್ರಿ ಅಂತ ಹೇಳಿ. ನನಗೆ ಉಪಯೋಗ ಆಗುತ್ತೆ.